ಸಹಾಯ ಬೇಕು: ಮರುವಾಯಿಯ (ಚಿಪ್ಪುಮೀನಿನ) ವಿಷ ಪರೀಕ್ಷೆ ಎಲ್ಲಿ ಮಾಡಿಸಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮ ಅಳಿವೆಯ ನೀರು ಕೆಲವು ದಿನಗಳಿಂದ ಕಂದುಗೆಂಪಾಗಿದೆ. ಬೊಗಸೆಯಲ್ಲಿ ಮೊಗೆದರೆ ಬೆರಳ ಸಂದಿಯಲ್ಲಿ ಲೋಳೆ ಉಳಿಯುತ್ತದೆ. ಆದರೂ ಇಳಿತದ ಹೊತ್ತಿಗೆ ಹೆಂಗಸರು ಮರುವಾಯಿ ಹೆಕ್ಕುತ್ತಲೇ ಇದ್ದಾರೆ. ‘ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ’ ಎನ್ನುತ್ತಾರೆ. ನನ್ನ ಭಯವೇ ಅದು. ಕೆಲವು ಸೂಕ್ಷ್ಮ ಪಾಚಿಗಳಿಂದ ಚಿಪ್ಪಿನೊಳಗೆ ಸೇರುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ತುಟಿ ಜುಮ್ಮೆನ್ನುವುದರಿಂದ ಶುರುವಾಗಿ ಉಸಿರೇ ನಿಲ್ಲಬಹುದು. 1983ರಲ್ಲಿ ಕುಂಬಳೆ ಹೊಳೆಯ ಮರುವಾಯಿ ತಿಂದು ಹುಡುಗನೊಬ್ಬ ತೀರಿಕೊಂಡದ್ದು ಹಿರಿಯರಿಗೆ ನೆನಪಿರಬಹುದು.

ಬಣ್ಣ ತಿರುಗಿದ ನೀರೆಲ್ಲ ವಿಷವಲ್ಲ, ನಿಜ. ಅದಕ್ಕೇ ಪರೀಕ್ಷೆ ಬೇಕು. ಮಂಗಳೂರು, ಉಡುಪಿ ಕಡೆ ಜನಸಾಮಾನ್ಯರಿಂದ ಮಾದರಿ ಪಡೆಯುವ ಪ್ರಯೋಗಾಲಯ ಯಾವುದು? ಮಾಂಸ ಎಷ್ಟು ಬೇಕು, ಐಸ್‌ನಲ್ಲಿಟ್ಟು ಒಯ್ದರೆ ಸಾಕೇ? ಮೀನುಗಾರಿಕೆ ಓದಿದವರು ಇಲ್ಲಿದ್ದರೆ ದಯವಿಟ್ಟು ಬೇಗ ತಿಳಿಸಿ. ಅಲ್ಲಿಯವರೆಗೆ ಹೆಕ್ಕುವುದನ್ನು ನಿಲ್ಲಿಸುವಂತೆ ಮನೆಮನೆಗೆ ಹೇಳುತ್ತಿದ್ದೇನೆ.