ವಿಡಿಯೋದಲ್ಲಿ ಕನ್ನಡ ಒಡೆದು ಬರುತ್ತಿದೆ, ಭಾನುವಾರದೊಳಗೆ ಸರಿಯಾಗಬೇಕು

ತೆಂಗಿನತೋಟ:
ಮೂರು ರಾತ್ರಿಯಿಂದ ಇದೇ ಗೋಳು. ಅಕ್ಕನ ಮಗಳ ಮದುವೆಗೆ ಆಮಂತ್ರಣದ ವಿಡಿಯೋ ಮಾಡುತ್ತಿದ್ದೇನೆ. ಹುಡುಗಿಯ ಹೆಸರೇ ಸರಿಯಾಗಿ ಬರುತ್ತಿಲ್ಲ. "ಲಕ್ಷ್ಮಿ" ಅಂತ ಹಾಕಿದರೆ ಕ, ಷ, ಮ ಮೂರೂ ಸಾಲಾಗಿ ನಿಲ್ಲುತ್ತವೆ. ಗುಡಿಸು ಬೇರೆಯಾಗಿ ಪಕ್ಕದಲ್ಲಿ ಕೂತಿದೆ. ಕೆಲವು ಸಾಲಂತೂ ಕನ್ನಡವೇ ಅಲ್ಲ, ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ. ನಾಲ್ಕು ಫಾಂಟ್ ಬದಲಾಯಿಸಿ ನೋಡಿದೆ. ಫೋಟೋಶಾಪ್‌ನಲ್ಲಿ ಹೆಸರು ಚೆನ್ನಾಗಿಯೇ ಬರುತ್ತೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

ರೆಂಡರ್ ರಾಜಣ್ಣ:
ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಹಳೆಯದಿರಬೇಕು. ಅಪ್‌ಡೇಟ್ ಮಾಡಿ, ಆಮೇಲೆ ಕ್ಯಾಶ್ (ತಾತ್ಕಾಲಿಕ ಫೈಲುಗಳು) ಖಾಲಿ ಮಾಡಿ. ರ‍್ಯಾಮ್ ಎಷ್ಟಿದೆ?

ತೆಂಗಿನತೋಟ:
16 ಜಿಬಿ ಇದೆ ಸರ್. ಡ್ರೈವರ್ ಈಗಷ್ಟೇ ಹಾಕಿದೆ. ಅದೇ ಕಥೆ.

ರೆಂಡರ್ ರಾಜಣ್ಣ:
ಹಳೆಯ ಡ್ರೈವರ್ ಪೂರ್ತಿ ತೆಗೆದು ಹಾಕಿದಿರಾ? ಅದರ ಮೇಲೇ ಹಾಕಿದರೆ ಆಗಲ್ಲ. 16 ಕಡಿಮೆಯೇ ಆಯಿತು. ನಾನು ಹೋದ ತಿಂಗಳು 64ಕ್ಕೆ ಏರಿಸಿದೆ, ಪ್ರಿವ್ಯೂ ನೀರು ಹರಿದ ಹಾಗೆ ಓಡುತ್ತೆ.

ಅಚ್ಚುಮೊಳೆ:
ರಾಜಣ್ಣ, ಡ್ರೈವರ್ ಕೆಟ್ಟರೆ ಚಿತ್ರ ಒಡೆಯುತ್ತೆ, ಒತ್ತಕ್ಷರ ಮಾತ್ರ ಆರಿಸಿ ಒಡೆಯಲ್ಲ. ತೆಂಗಿನತೋಟ ಅವರೇ, ವಿಡಿಯೋ ಯಾವುದರಲ್ಲಿ ಮಾಡುತ್ತಿದ್ದೀರಿ? ಅಕ್ಷರ ನೀವೇ ಟೈಪ್ ಮಾಡಿದ್ದಾ, ಬೇರೆ ಕಡೆಯಿಂದ ತಂದದ್ದಾ?

ತೆಂಗಿನತೋಟ:
ಆಫ್ಟರ್ ಎಫೆಕ್ಟ್ಸ್ ಮೇಡಂ, ಅದು ಗೊತ್ತಿರುತ್ತೆ ಅಂದುಕೊಂಡೆ. ಹೆಸರು ನಾನೇ ಟೈಪ್ ಮಾಡಿದೆ. ಉಳಿದ ಸಾಲುಗಳು ಮದುವೆ ಪತ್ರಿಕೆ ಅಚ್ಚು ಮಾಡಿದ ಪ್ರೆಸ್‌ನವರು ಕಳಿಸಿದ ಫೈಲಿನಿಂದ.

ಅಚ್ಚುಮೊಳೆ:
ಹಾಗಾದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ.

ಮೊದಲು ಹೆಸರು. "ಕ್ಷ್ಮಿ" ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಆ ಗುರುತು, ಮ, ಗುಡಿಸು, ಒಟ್ಟು ಆರು ತುಂಡು. ಅವನ್ನು ಜೋಡಿಸುವ ಕೆಲಸ ಟೆಕ್ಸ್ಟ್ ಎಂಜಿನ್‌ದು. ನಿಮ್ಮದು ಹಳೆಯ ಆವೃತ್ತಿ ಆಗಿದ್ದರೆ ಅದು ಇಂಗ್ಲಿಷಿನಂಥ ಲಿಪಿಗಳಿಗಿರುವ ಲ್ಯಾಟಿನ್‌ನಲ್ಲೇ ಇರಬೇಕು. ಪ್ರಿಫರೆನ್ಸಸ್‌ನಲ್ಲಿ ಟೈಪ್ ತೆರೆಯಿರಿ, ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಾಯಿಸಿ. ಸಾಫ್ಟ್‌ವೇರ್ ಮುಚ್ಚಿ ತೆರೆದು, ಹೊಸ ಪ್ರಾಜೆಕ್ಟ್‌ನಲ್ಲಿ ಹೊಸ ಲೇಯರ್ ಮಾಡಿ ಹೆಸರು ಟೈಪ್ ಮಾಡಿ. ಹಳೆಯ ಲೇಯರ್ ನೋಡಿ ಆಗಲಿಲ್ಲ ಅಂದುಕೊಳ್ಳಬೇಡಿ. ಫೋಟೋಶಾಪ್‌ನಲ್ಲಿ ಇದೇ ಕೆಲಸವನ್ನು ವರ್ಲ್ಡ್-ರೆಡಿ ಲೇಔಟ್ ಮಾಡುತ್ತೆ.

ಇನ್ನು ಪ್ರೆಸ್‌ನ ಸಾಲುಗಳು. ಅವು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟಿನವು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮಾತ್ರ ಅವಕ್ಕೆ ಕನ್ನಡದ ರೂಪ ಕೊಡುತ್ತೆ. ಫಾಂಟ್ ಬದಲಾಯಿಸಿದ ಕೂಡಲೇ ಒಳಗಿನದು ಹೊರಗೆ ಬರುತ್ತೆ. ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ವ್ಯವಸ್ಥೆಗೆ, ಪರಿವರ್ತಿಸಿಯೇ ಅಂಟಿಸಿ.

ಕಾಗುಣಿತ:
ಕನ್ನಡ 1991ರಿಂದ ಯೂನಿಕೋಡ್‌ನಲ್ಲಿದೆ. ಇನ್ನೂ ಆಸ್ಕಿ ಹಿಡಿದು ಕೂತರೆ ಹೇಗೆ?

ಮೊಳೆಜೋಡಿಸುವವ:
ನಾನು ಪ್ರೆಸ್‌ನಲ್ಲೇ ಇರೋದು. ನಾವು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಯೂನಿಕೋಡ್ ಕನ್ನಡ ತೆಗೆದುಕೊಳ್ಳಲ್ಲ. ಇಪ್ಪತ್ತು ವರ್ಷದ ಫೈಲುಗಳು ನಮ್ಮಲ್ಲಿ ಅದರಲ್ಲೇ ಇವೆ. ದಿನಕ್ಕೆ ಹತ್ತು ಪತ್ರಿಕೆ ಹೊರಡಬೇಕು, ಸುಮ್ನೆ ಬಿಸಾಕಲು ಆಗುತ್ತಾ?

ಕಾಗುಣಿತ:
ಬಿಸಾಕಿ ಅನ್ನಲಿಲ್ಲ. ಗ್ರಾಹಕರಿಗೆ ಫೈಲ್ ಕೊಡುವಾಗಲಾದರೂ ಪರಿವರ್ತಿಸಿ ಕೊಡಬಹುದು ಅಲ್ವಾ?

ಮೊಳೆಜೋಡಿಸುವವ:
ಕೊಡಬಹುದು, ಆದರೆ ಮತ್ತೆ ಕರಡು ತಿದ್ದುವವರು ಯಾರು? ಒಳಗೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂದುಕೊಂಡು ಕೆಡುತ್ತೆ. ಅರ್ಕಾವತ್ತು ಇದ್ದ ಕಡೆಯೆಲ್ಲ ಕಣ್ಣಿಟ್ಟು ನೋಡಬೇಕು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು.

ಹಳೇಕುಳ:
ನನ್ನದು ಇನ್ನೂ ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿ, ಸಿಎಸ್6. ಅದರಲ್ಲಿ ಈ ಆಯ್ಕೆಯೇ ಇಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು ತರುತ್ತೇನೆ. ನೂರಕ್ಕೂ ಜಾಸ್ತಿ ಮದುವೆ ವಿಡಿಯೋ ಹೀಗೇ ಮಾಡಿದ್ದೇನೆ.

ತೆಂಗಿನತೋಟ:
ಮೇಡಂ, ಲಕ್ಷ್ಮಿ ಬಂದಳು! ಷ ಒತ್ತು, ಅದರ ಕೆಳಗೆ ಮ ಒತ್ತು, ಎಲ್ಲ ಸ್ವಸ್ಥಾನದಲ್ಲಿ. ಪರಿವರ್ತನೆಯೂ ಆಯಿತು. ಆದರೆ ಹುಡುಗನ ತಂದೆ "ಸೂರ್ಯನಾರಾಯಣ" ಹೋಗಿ "ಸೂಯರ್ನಾರಾಯಣ" ಆಗಿದ್ದರು. ಮೊಳೆಜೋಡಿಸುವವರು ಅರ್ಕಾವತ್ತು ಅನ್ನದಿದ್ದರೆ ಹಾಗೇ ಕಳಿಸಿಬಿಡುತ್ತಿದ್ದೆ.

ಕಾಗುಣಿತ:
ನಾನಾಗಿದ್ದರೆ ಸೂರ‍್ಯ ಅಂತ ರ ಕೆಳಗೆ ಯ ಒತ್ತು ಕೊಟ್ಟು ಬರೆಯುತ್ತೇನೆ. ನಾವು ಉಚ್ಚರಿಸುವ ಸಾಲಿನಲ್ಲೇ ಬರುತ್ತೆ.

ಅಚ್ಚುಮೊಳೆ:
ಮದುವೆ ಪತ್ರಿಕೆಯಲ್ಲಿ ಅದು ಬೇಡ. ಬೀಗರು ಅರ್ಕಾವತ್ತನ್ನೇ ಹುಡುಕುತ್ತಾರೆ.

ತೆಂಗಿನತೋಟ:
ಇನ್ನೊಂದು. ಹೆಸರು ಒಂದೊಂದೇ ಅಕ್ಷರವಾಗಿ ಮೇಲಿಂದ ಇಳಿಯಲಿ ಅಂತ ಆಫ್ಟರ್ ಎಫೆಕ್ಟ್ಸ್‌ನ ಅನಿಮೇಟರ್ ಆಯ್ಕೆ ಹಾಕಿದೆ. ಒತ್ತು ಮೊದಲು ಇಳಿಯುತ್ತೆ, ಅಕ್ಷರ ಆಮೇಲೆ.

ಅಚ್ಚುಮೊಳೆ:
ಆ ಅನಿಮೇಟರ್‌ನಲ್ಲೇ ರೇಂಜ್ ಸೆಲೆಕ್ಟರ್‌ನ ಅಡ್ವಾನ್ಸ್ಡ್ ಒಳಗೆ ಬೇಸ್ಡ್ ಆನ್ ಇದೆ, ಅದನ್ನು ವರ್ಡ್ಸ್‌ಗೆ ಹಾಕಿ. ಪದ ಇಡಿಯಾಗಿ ಇಳಿಯುತ್ತೆ. ಅಕ್ಷರವೇ ಬೇಕೆಂದರೆ "ಲ" ಒಂದು ಲೇಯರ್, "ಕ್ಷ್ಮಿ" ಒಂದು ಲೇಯರ್ ಮಾಡಿ.

ತೆಂಗಿನತೋಟ:
ಎರಡು ಲೇಯರ್ ಮಾಡಿದೆ. ಅಕ್ಕನಿಗೆ ತೋರಿಸಿದೆ, ಕಣ್ಣು ತುಂಬಿಕೊಂಡಳು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ರೆಂಡರ್ ರಾಜಣ್ಣ:
ಒಳ್ಳೆಯದಾಯಿತು. ರೆಂಡರ್‌ಗೆ ಎಷ್ಟು ಹೊತ್ತು ಹಿಡಿಯಿತು?

ಹೊಸಬ:
ನನಗೂ ಇದೇ ತೊಂದರೆ, ಆದರೆ ಫೋನಿನಲ್ಲಿ. ಏನು ಮಾಡಬೇಕು?