ಅಪ್‌ಡೇಟ್: ಕ್ಯಾಟ್ ಆರ್‌ಸಿ ಕೊನೆಗೂ ಹಿಡಿತಕ್ಕೆ ಬಂತು

ಹದಿನೆಂಟು ದಿನದ ಹಿಂದ ಇಲ್ಲೇ ಕೇಳಿದ್ದೆ: ಕಲಬುರಗಿದಾಗ ಮನಿಯಾಗೇ ಕೂತು ಕ್ಯಾಟ್‌ಗೆ (ಐಐಎಂನಂಥ ಕಾಲೇಜಿನ ಎಂಬಿಎ ಪ್ರವೇಶ ಪರೀಕ್ಷೆ) ಓದ್ಲಕತ್ತೀನಿ, ಆರ್‌ಸಿ ಅಂದ್ರ ಇಂಗ್ಲಿಷ್ ಪ್ಯಾಸೇಜ್ ಓದಿ ಪ್ರಶ್ನೆಗೆ ಉತ್ತರ ಆರಿಸೋ ಭಾಗದಾಗ ತೊಡಕಾಗ್ಯದ, 40 ನಿಮಿಷದಾಗ ನಾಲ್ಕು ಪ್ಯಾಸೇಜ್ ಮುಗಿಯಂಗಿಲ್ಲ, ಎರಡು ಆಪ್ಶನ್ ನಡುವೆ ಸಿಕ್ಕಿ ಬೀಳ್ತೀನಿ ಅಂತ.

ಬಂದ ಸಲಹೆಗಳಾಗ ಕೆಲಸಕ್ಕೆ ಬಂದಿದ್ದು ಬೀದರಿನ ಅಕ್ಕೋರು ಹೇಳಿದ್ದು: ಒಂದೊಂದು ಪ್ಯಾರಾ ಮುಗಿದ ಕೂಡಲೇ ಅದರ ತಿರುಳು ರಫ್ ಹಾಳಿ ಮ್ಯಾಲ ಕನ್ನಡದಾಗ ನಾಕೇ ಪದದಾಗ ಬರೀರಿ. ಮೊದಲ ದಿನ ಜೇನುಹುಳದ ಪ್ಯಾಸೇಜ್. ಮೂರನೇ ಪ್ಯಾರಾಕ್ಕ "ಲೇಖಕ ಒಪ್ಪಂಗಿಲ್ಲ, ಕಾರಣ ಬೇರೆ" ಅಂತ ಬರದೆ. ಆ ಒಂದು ಸಾಲಿಂದಲೇ ಎರಡು ಉತ್ತರ ಸರಿ ಬಂದವು. ಅಕ್ಕೋರೇ, ಭಾಳ ಉಪಕಾರ ಆಯ್ತು ರೀ.

ಪ್ಯಾಸೇಜಿಗಿಂತ ಪ್ರಶ್ನೆ ಮೊದಲು ಓದೋದು ನನಗ ಹೊಂದಲಿಲ್ಲ. ನಾಲ್ಕು ಪ್ರಶ್ನೆ ತಲಿಯಾಗ ಇಟ್ಕೊಂಡು ಓದಿದ್ರ ಲೇಖಕನ ವಾದವೇ ಕೈ ತಪ್ತದ. ವೇಗದ ಓದಿನ ಆ್ಯಪ್ ಮೂರೇ ದಿನಕ್ಕ ಬಿಟ್ಟೆ.

ತಪ್ಪಾದ ಉತ್ತರ ಎಲ್ಲಾ ಒಂದು ನೋಟ್‌ಬುಕ್ಕಿನಾಗ ಬರದು ನೋಡಿದಾಗ ಆಶ್ಚರ್ಯ ಆಯ್ತು. ಶಬ್ದ ಗೊತ್ತಿಲ್ಲದೆ ತಪ್ಪಿದ್ದು ಕಡಿಮೆ. "ಯಾವಾಗಲೂ", "ಮಾತ್ರ" ಅನ್ನೋ ಅರ್ಥದ ಪದ ಸೇರಿಸಿ, ಲೇಖಕ ಹೇಳಿದ್ದಕ್ಕಿಂತ ಹೆಚ್ಚು ಹೇಳೋ ಆಪ್ಶನ್ನೇ ಭಾಳ ಸಲ ಆರಿಸ್ತಿದ್ದೆ.

ಸರಿಗೆ 3 ಅಂಕ, ತಪ್ಪಿಗೆ 1 ಕಳೀತಾರ. ಮೊದಲು ನಾಲ್ಕು ಪ್ಯಾಸೇಜಿನ 16 ಪ್ರಶ್ನೆಗೂ ಉತ್ತರ ಬರದು 7 ಸರಿ, ಬಂದಿದ್ದು 12 ಅಂಕ. ಮೊನ್ನಿ ಮಾಕ್‌ನಾಗ (ಅಭ್ಯಾಸದ ಪರೀಕ್ಷೆ) ಮೂರೇ ಪ್ಯಾಸೇಜ್ ಮುಟ್ಟಿದೆ: 12ರಾಗ 9 ಸರಿ, 24 ಅಂಕ.

ತತ್ವಶಾಸ್ತ್ರದ ಪ್ಯಾಸೇಜ್ ಇನ್ನೂ ಕಷ್ಟನೇ ಅದ. ದಿನಾ ಬಿಸಿಲು ಏರೋ ಮುಂಚೆ ನಮ್ಮೂರಿನ ‘ಅಪ್ಪನ ಕೆರಿ’ ದಂಡಿ ಮ್ಯಾಲ ಕೂತು ಅಂಥದ್ದೊಂದು ಓದ್ಲಕತ್ತೀನಿ.