ಸಹಾಯ ಬೇಕು: ಕಾಲೇಜು ಜಾಲತಾಣಗಳಿಗೆ ಅಂಕ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಕಲಿಸುತ್ತೇನೆ. ನಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಜಾಲತಾಣಗಳ ವಿನ್ಯಾಸವನ್ನು ಪರಿಶೀಲಿಸುತ್ತಿದ್ದಾರೆ. ಅಂಕ ಕೊಡುವ ವಿಚಾರದಲ್ಲಿ ನಿಮ್ಮ ನೆರವು ಬೇಕಾಗಿದೆ.

ಕೆಲವನ್ನು ಅಳೆಯುವುದು ಸುಲಭ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕೆಂದು, ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಲೆಂದು ರೂಪಿಸಿದ 2018ರ ಡಬ್ಲ್ಯುಸಿಎಜಿ 2.1 ಮಾನದಂಡ ಹೇಳುತ್ತದೆ. ಅದನ್ನು ಉಚಿತ ತಂತ್ರಾಂಶವೇ ಲೆಕ್ಕ ಹಾಕಿಕೊಡುತ್ತದೆ. ತೊಡಕಿರುವುದು ಬೇರೆಡೆ. ಒಂದು ಕಾಲೇಜಿನ ಮುಖಪುಟ ನೋಡಲು ಬಲು ಚೆಂದ, ಕಟ್ಟಡದ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತವೆ. ಶುಲ್ಕದ ಪಟ್ಟಿ ತೆರೆದರೆ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್, ಮೊತ್ತದ ಮೇಲೆಯೇ ಮೊಹರು. ಅದು ಬರೀ ಚಿತ್ರ. ಅಕ್ಷರ ಗುರುತಿಸುವ ಸೌಲಭ್ಯ ಬಳಸದ ಹೊರತು ಎನ್‌ವಿಡಿಎಯಂತಹ ಸ್ಕ್ರೀನ್ ರೀಡರ್ ಅದನ್ನು ಅಂಧ ವಿದ್ಯಾರ್ಥಿಗೆ ಓದಿ ಹೇಳಲಾರದು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೆ ಯಾವ ಪ್ರಮಾಣಪತ್ರ ತರಬೇಕೆಂಬುದು ಎಲ್ಲೂ ಇಲ್ಲ. ದೇವದುರ್ಗ, ಸಿಂಧನೂರು ಕಡೆಯ ಮಕ್ಕಳು ಮೊಬೈಲ್‌ನಲ್ಲಿ ಹುಡುಕುವುದೇ ಇವನ್ನು. ಇಂಥ ತಾಣ ಅಂದದ ಬಲದಿಂದ ಪಟ್ಟಿಯ ಮೇಲ್ತುದಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಅಂದಕ್ಕೆಷ್ಟು, ಬಳಕೆಯ ಸುಲಭಕ್ಕೆಷ್ಟು, ಕನ್ನಡದ ಪುಟಗಳಿಗೆಷ್ಟು ಅಂಕ ಎಂದು ಹಂಚಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಸ್ಕ್ರೀನ್ ರೀಡರ್ ಬಳಸುವವರು ಯಾರಾದರೂ ನಮ್ಮ ವಿದ್ಯಾರ್ಥಿಗಳ ಜೊತೆ ಒಂದು ಮಧ್ಯಾಹ್ನ ಕುಳಿತುಕೊಳ್ಳಲು ಒಪ್ಪಿದರೆ ಬಹಳ ಉಪಕಾರವಾಗುತ್ತದೆ. ಕೊಪ್ಪಳ, ಬಳ್ಳಾರಿಯವರಾದರೆ ನಾವೇ ಅಲ್ಲಿಗೆ ಬರುತ್ತೇವೆ.